ಬಿಳಿಯ ಮೇಲೆ ಬಿಳಿ

ಊರಲ್ಲಿ ನನ್ನ ಹೆಸರು ತಾರಬಾಯಿ.
ತಾರೆಯಿಂದ ಬಂದದ್ದಲ್ಲ, ತಾರಿನಿಂದ.
ಕಾರವಾರದ ತಂತಿ ಕಚೇರಿ, ಇಪ್ಪತ್ತೊಂಬತ್ತು ವರ್ಷ,
ಕಟ್ಟ ಕಡ ಕಟ್ಟ.

ಆದರೂ ತಾರೆಯರನ್ನು ಕಂಡವಳು ನಾನು.
ಎಪ್ಪತ್ತೆರಡರ ಚಳಿ. ತಿಂಗಳ ಎರಡನೇ ರವಿವಾರ
ಬಂದರಿನ ಹಳೇ ಉಪ್ಪಿನ ಗೋದಾಮು:
ಸುಂಕದ ಸಾಹೇಬರು, ಹಲ್ಲಿನ ಡಾಕ್ಟರು ಕಾಣಕೋಣಕರ್,
ಕಾಲೇಜಿನ ನಾಲ್ಕು ಗಡ್ಡ, ದರ್ಜಿ ಪಾಸ್ಕೋಲ.
ಹೆಂಗಸೆಂದರೆ ನಾನೊಬ್ಬಳೇ.

ಡಬ್ಬಿಗಳು ಗೋವೆಯಿಂದ ಬರುತ್ತಿದ್ದವು.
ಆಗ ಕಾಳಿಗೆ ಸೇತುವೆ ಇರಲಿಲ್ಲ.
ಸದಾಶಿವಗಡದ ತಾರಿಯಲ್ಲಿ, ತಾರ್ಲೆ ಬುಟ್ಟಿಗಳ ನಡುವೆ ಕೂತು
ರೋಮು, ಪ್ಯಾರಿಸು, ಸ್ಟಾಕ್‌ಹೋಮು
ಕೋಡಿಬಾಗದ ಧಕ್ಕೆಗೆ ಇಳಿಯುತ್ತಿದ್ದವು,
ಮೀನಿನ ನೀರು ತೊಟ್ಟಿಕ್ಕುತ್ತ.

ಒಮ್ಮೆ ಮೂರನೇ ಡಬ್ಬಿ ಐದರ ನಂತರ ಓಡಿತು.
ಸತ್ತ ಗಂಡ ಎದ್ದು ಬಂದು ಕಾಫಿ ಕುಡಿದ.
ಯಾರಿಗೂ ಗೊತ್ತಾಗಲಿಲ್ಲ.
ಕಾಲದ ಬಗ್ಗೆ ಗಡ್ಡಗಳು ಮಾತಾಡಿದವು
ಒಂದೂವರೆ ತಾಸು.

ಪಾಸ್ಕೋಲ ಕತೆ ನೋಡುತ್ತಿರಲಿಲ್ಲ, ಕಾಲರು ನೋಡುತ್ತಿದ್ದ.
‘ಆ ಬಾಯಿಯ ಕೋಟಿಗೆ ಹೆಗಲಲ್ಲಿ ಹೊಲಿಗೆಯೇ ಇಲ್ಲ, ನೋಡಿದಿರಾ?
ಅದಕ್ಕೇ ಹಾಗೆ ನಡೀತಾಳೆ.’

ಅವರ ನಡಿಗೆ! ಎಲ್ಲಿಗೂ ಹೋಗದ ನಡಿಗೆ.
ನಮ್ಮಲ್ಲಿ ಹೆಂಗಸು ಬೀದಿಗಿಳಿದರೆ
ಕೈಯಲ್ಲೊಂದು ಕೊಡ, ಚೀಲ, ಮಗುವಿನ ರಟ್ಟೆ,
ಏನೂ ಇಲ್ಲದಿದ್ದರೆ ಒಂದು ಸಬೂಬು.
ಅವರು ಬರಿಗೈಯಲ್ಲಿ
ಇಡೀ ಒಂದು ಊರು ನಡೆದುಬಿಡುತ್ತಿದ್ದರು,
ಕ್ಯಾಮೆರಾ ಹಿಂದೆ ಹಿಂದೆ,
ಸಾಲ ಕೇಳಲು ಬಂದವನ ಹಾಗೆ.

ಅಡಿಯಲ್ಲಿ ಇಂಗ್ಲಿಷಿನ ಅಕ್ಷರ.
ಅವಳು ಉಸಿರುಗಟ್ಟಿ ಅರ್ಧ ನಿಮಿಷ ಮಾತಾಡಿದರೆ
ಕೆಳಗೆ ನಾಲ್ಕೇ ಶಬ್ದ.
ಉಳಿದವರು ಗೊಣಗುತ್ತಿದ್ದರು, ನನಗೆ ನಗು.
ಆ ನಾಲ್ಕನ್ನು ಆರಿಸಿದವನು ನನ್ನ ಕಸುಬಿನವನೇ.
ಕಿಟಕಿಯಾಚೆ ಜನ ಅತ್ತದ್ದನ್ನೆಲ್ಲ
ನಾನೂ ಹೀಗೇ ಹಿಂಡಿ, ಎಣಿಸಿ,
ತಾಯಿ ಗಂಭೀರ ಕೂಡಲೇ ಹೊರಡು,
ಎಂದು ಬರೆದು ದುಡ್ಡು ತೆಗೆದುಕೊಳ್ಳುತ್ತಿದ್ದೆ.

ಆ ಒಬ್ಬಳು.
ಅಗಲ ಬಾಯಿ, ಕಣ್ಣ ಕೆಳಗೆ ನಿದ್ದೆಗೆಟ್ಟ ನೆರಳು,
ನಮ್ಮ ಸಿನಿಮಾದಲ್ಲಾದರೆ ಅತ್ತಿಗೆಯ ಪಾತ್ರವೂ ಸಿಗದು.
ಸುಣ್ಣದ ಗೋಡೆಗೆ ಬೆನ್ನು ಕೊಟ್ಟು
ನೇರ ನಮ್ಮ ಕಡೆ ತಿರುಗಿ ಏನೋ ಅಂದಳು.
ಬಿಳಿ ಗೋಡೆಯ ಮೇಲೆ ಬಿಳಿ ಅಕ್ಷರ.
ಸಾಲದ್ದಕ್ಕೆ ಪರದೆಯೆಂದು ಕಟ್ಟಿದ್ದು
ಡಾಕ್ಟರ ಮನೆಯ ಹಾಸಿಗೆ ಬಟ್ಟೆ;
ಕಡಲಗಾಳಿ ನುಗ್ಗಿ ಅವಳ ಕೆನ್ನೆ ಉಬ್ಬಿತು, ಇಳಿಯಿತು.
ಸಾಲು ಹೋಯಿತು.

ಏನಂದಳು? ಏನಂದಳು? ಗೋದಾಮು ತುಂಬ.
ಸುಂಕದ ಸಾಹೇಬರು, ‘ಪ್ರೀತಿ, ಅಂಥದ್ದೇನೋ.’
ಪಾಸ್ಕೋಲ, ‘ಕಂಕುಳಲ್ಲಿ ಬಿಗಿ ಅಂತಾಳೆ.’

ಸೋಮವಾರ ಬೈತಖೋಲದಿಂದ ಗುಲಾಬಿ ತಾಂಡೇಲ ಬಂದಳು.
ಗಂಡ ರತ್ನಾಗಿರಿಯ ದೋಣಿಯಲ್ಲಿ, ಎಂಟು ತಿಂಗಳು.
‘ಬರೀರಿ ಬಾಯಿ,’ ಅಂದಳು. ಪೆನ್ಸಿಲು ಹಿಡಿದೆ.
ಬುಟ್ಟಿ ಕೆಳಗಿಟ್ಟಳು.
ಹಬ್ಬಕ್ಕೆ ಸುಣ್ಣ ಕಂಡ ಕಚೇರಿಯ ಗೋಡೆಗೆ ಒರಗಿ
ಬಾಯಿ ತೆರೆದಳು.
ಹೊರಗೆ ಲಾಂಚಿನ ಕೂಗು ಮುಗಿಯುವವರೆಗೂ
ತೆರೆದ ಬಾಯಿ ಹಾಗೇ.
ನನಗರಿವಿಲ್ಲದೆ ನನ್ನ ಕಣ್ಣು
ಅವಳ ಸೀರೆಯಂಚಿನ ಹತ್ತಿರ, ಗೋಡೆಯ ಬುಡದಲ್ಲಿ
ಅಕ್ಷರ ಹುಡುಕುತ್ತಿತ್ತು.

ಆಮೇಲೆ ಒಂದು ಶಬ್ದ ಹೇಳಿದಳು.
‘ಇದೇ ದುಡ್ಡಿಗೆ ಇನ್ನೂ ಕೆಲವು ಸೇರಿಸಬಹುದು,’ ಅಂದೆ.
‘ಉಳಿದದ್ದು ನೀವೇ ಇಟ್ಟುಕೊಳ್ಳಿ.’

ಯಾವ ಶಬ್ದ ಎಂದು ನನ್ನ ಗಂಡ ಸಾಯುವವರೆಗೂ ಕೇಳಿದ.
ತಂತಿಯ ಗುಟ್ಟು ಬಿಡೆನೆಂದು ಸರ್ಕಾರಕ್ಕೆ ಸಹಿ ಹಾಕಿದವಳು.
ಎರಡು ಸಾವಿರದ ಹದಿಮೂರಕ್ಕೆ ತಂತಿ ನಿಂತಿತು,
ಸಹಿ ನಿಂತಿಲ್ಲ.

ಮೊಮ್ಮಗಳು ಫೋನು ಹಿಡಿದು ಕೂತಿದ್ದಾಳೆ.
ಎಲ್ಲ ಸಿಗುತ್ತದಂತೆ ಈಗ, ಹಳದಿ ಅಕ್ಷರದಲ್ಲಿ, ಒಂದೂ ತಪ್ಪದೆ.
‘ಸಿನಿಮಾದ ಹೆಸರು ಹೇಳು ಅಜ್ಜಿ.’
ಮರೆತಿದೆ ಅನ್ನುತ್ತೇನೆ.
ಡಬ್ಬಿಯ ಮುಚ್ಚಳಕ್ಕೆ ತಾರ್ಲೆಯ ಹುರುಪೆ ಅಂಟಿತ್ತು,
ಉಗುರಿನಿಂದ ಕೆರೆದು ತೆಗೆದೆ,
ಅಷ್ಟು ನೆನಪಿದೆ ಅನ್ನುತ್ತೇನೆ.